ಪಕ್ಷೇತರ ಯಾರ ಕಡೆಯವನು?

ಸಭೆಯ ಅಧ್ಯಕ್ಷರೆ, ದತ್ತಿ ಇಟ್ಟ ಮನೆತನದ ಹಿರಿಯರೆ, ಚಳ್ಳಕೆರೆ ಮೊಳಕಾಲ್ಮುರು ಎರಡೂ ತಾಲ್ಲೂಕುಗಳಿಂದ ಬಂದಿರುವ ಬಂಧುಗಳೆ, ಹಿಂದಿನ ಸಾಲಿನಲ್ಲಿ ಬಾಗಿಲ ಪಕ್ಕವೇ ಜಾಗ ಹಿಡಿದಿರುವ ವಿದ್ಯಾರ್ಥಿಗಳೆ,

ಮೊದಲ ಪದದಲ್ಲೇ ಸಿಕ್ಕಿಬಿದ್ದೆ. ‘ಅಧ್ಯಕ್ಷರೆ’ ಅಂದೆನಲ್ಲ, ಕನ್ನಡದಲ್ಲಿ ಆ ಪದಕ್ಕೆ ಬಿಡುವೇ ಇಲ್ಲ. ಹಾಲಿನ ಸಂಘಕ್ಕೆ ಅಧ್ಯಕ್ಷ, ಜಾತ್ರಾ ಸಮಿತಿಗೆ ಅಧ್ಯಕ್ಷ, ಗ್ರಾಮ ಪಂಚಾಯಿತಿಗೆ ಅಧ್ಯಕ್ಷ, ಈ ಸಭೆಗೂ ಅಧ್ಯಕ್ಷ, ಅಮೆರಿಕ ದೇಶಕ್ಕೂ ಅಧ್ಯಕ್ಷ. ದೆಹಲಿಯ ಆ ದೊಡ್ಡ ಮನೆಯಲ್ಲಿರುವವರಿಗೆ ಮಾತ್ರ ರಾಷ್ಟ್ರಪತಿ ಎಂಬ ಬೇರೆ ಹೆಸರು. ಇಂಗ್ಲಿಷಿನವರಿಗೆ ಇವೆರಡಕ್ಕೂ ಒಂದೇ ಪದ. ನಮಗೆ ಎರಡು ಪದ ಇರುವುದು ಒಳ್ಳೆಯದೇ ಆಯಿತು. ಎರಡೂ ಬೇರೆ ಬೇರೆ ಕುರ್ಚಿಗಳು, ಅವುಗಳ ಮೆಟ್ಟಿಲೂ ಬೇರೆ ಬೇರೆ.

ಈ ವಿಷಯವನ್ನು ಆರಿಸಿಕೊಳ್ಳಲು ಕಾರಣರಾದವರು ಇಲ್ಲಿನ ಎಪಿಎಂಸಿ ಯಾರ್ಡಿನಲ್ಲಿ ಸಿಕ್ಕ ಒಬ್ಬ ಹಿರಿಯರು. ಶೇಂಗಾ ಚೀಲದ ಮೇಲೆ ಕೂತು ಟೀ ಕುಡಿಯುತ್ತಿದ್ದರು. ನಾನು ರಾಜ್ಯಶಾಸ್ತ್ರದ ಮೇಷ್ಟ್ರಾಗಿದ್ದವನು ಎಂದು ಯಾರೋ ಹೇಳಿದ್ದೇ ತಡ, ಕೇಳಿದರು: “ಅಲ್ಲ ಸಾರ್, ಇಂಡಿಪೆಂಡೆಂಟು ಅಂದ್ರೆ ಯಾರ ಕಡೀಗೂ ಇಲ್ದವ್ನು ಅಂತನೋ, ಎಲ್ಲಾರ ಕಡೀಗೂ ಇರೋನು ಅಂತನೋ?” ಮೂವತ್ತು ವರ್ಷ ಪಾಠ ಹೇಳಿದರೂ ಯಾವ ಪ್ರಶ್ನೆಪತ್ರಿಕೆಯಲ್ಲೂ ನಾನು ಈ ಪ್ರಶ್ನೆ ಕೊಟ್ಟಿರಲಿಲ್ಲ. ಇವತ್ತಿನ ಉಪನ್ಯಾಸ ಅವರಿಗೆ ಕೊಡಬೇಕಾಗಿದ್ದ ಉತ್ತರ.

ಹಣವುಳ್ಳ ರಾಜಕಾರಣಿಯೊಬ್ಬ ಪಕ್ಷಗಳ ಹಂಗು ತೊರೆದು ದೇಶದ ಅತ್ಯುನ್ನತ ಕುರ್ಚಿಗೆ ತಾನೇ ನಿಲ್ಲುತ್ತೇನೆ ಎನ್ನಬಹುದೆ? ಅಮೆರಿಕದಲ್ಲಿ ಅಂದವರಿದ್ದಾರೆ. 1992ರಲ್ಲಿ ರಾಸ್ ಪೆರೋ ಎಂಬ ಟೆಕ್ಸಸ್‌ನ ಸಿರಿವಂತರು ಸ್ವಂತ ದುಡ್ಡು ಸುರಿದು ಪಕ್ಷೇತರರಾಗಿ ನಿಂತರು. ಜುಲೈನಲ್ಲಿ ಕಣದಿಂದ ಹಿಂದೆ ಸರಿದು ಅಕ್ಟೋಬರ್‌ನಲ್ಲಿ ಮತ್ತೆ ಬಂದರು. ಇಷ್ಟಾದರೂ ಸುಮಾರು ನೂರಕ್ಕೆ 19ರಷ್ಟು ಮತ ಬಿತ್ತು. ಆದರೆ ಅಲ್ಲಿ ಅಧ್ಯಕ್ಷರನ್ನು ಕೊನೆಗೆ ಆರಿಸುವ 538 ಮಂದಿ ಎಲೆಕ್ಟರ್‌ಗಳಲ್ಲಿ ಅವರಿಗೆ ದಕ್ಕಿದ್ದು ಸೊನ್ನೆ. ನ್ಯೂಯಾರ್ಕಿನ ಮೇಯರ್ ಆಗಿದ್ದ ಮೈಕಲ್ ಬ್ಲೂಮ್‌ಬರ್ಗ್ ಇನ್ನೂ ದೊಡ್ಡ ಕುಬೇರರು. 2007ರಲ್ಲಿ ರಿಪಬ್ಲಿಕನ್ ಪಕ್ಷ ಬಿಟ್ಟು ಪಕ್ಷೇತರರಾದರು. ನಿಲ್ಲುತ್ತಾರಂತೆ ಎಂಬ ಸುದ್ದಿ ಹಬ್ಬಿತು, 2008ರಲ್ಲಿ ಇಲ್ಲ ಎಂದರು. 2016ರಲ್ಲಿ ಅದೇ ಸುದ್ದಿ, ಮತ್ತೆ ಇಲ್ಲ. ಯಾರಿಗೂ 270 ಎಲೆಕ್ಟರ್‌ಗಳು ಸಿಗದಿದ್ದರೆ ತೀರ್ಮಾನ ಸಂಸತ್ತಿನ ಕೆಳಮನೆಗೆ ಹೋಗುತ್ತದೆ, ಅಲ್ಲಿರುವುದು ಎರಡು ಪಕ್ಷಗಳ ಮಂದಿಯೇ, ಪಕ್ಷೇತರನಿಗೆ ಕೈ ಎತ್ತುವವರು ಯಾರು? ವ್ಯಾಪಾರಸ್ಥರಲ್ಲವೆ, ಲೆಕ್ಕ ಹಾಕಿದರು. ಕಡೆಗೆ 2020ರಲ್ಲಿ ಡೆಮಾಕ್ರಟಿಕ್ ಪಕ್ಷದ ಒಳಗೇ ಟಿಕೆಟ್ ಕೇಳಿ ಸುಮಾರು ನೂರು ಕೋಟಿ ಡಾಲರ್ ಖರ್ಚು ಮಾಡಿದರು. ಗೆದ್ದದ್ದು ಅಮೆರಿಕನ್ ಸಮೋವ ಎಂಬ ಪುಟ್ಟ ದ್ವೀಪ ಪ್ರಾಂತ್ಯವೊಂದನ್ನು.

ಅಮೆರಿಕದ ಮಾತು ಇಷ್ಟು ಸಾಕು. ನಮ್ಮಲ್ಲಿ ಇಂಥದ್ದು ಒಮ್ಮೆ ನಿಜವಾಗಿ ನಡೆದಿದೆ. ರಾಷ್ಟ್ರಪತಿ ಚುನಾವಣೆಗೆ ಪಕ್ಷೇತರರೊಬ್ಬರು ನಿಂತು, ದೇಶವನ್ನಾಳುವ ಪಕ್ಷದ ಅಧಿಕೃತ ಅಭ್ಯರ್ಥಿಯನ್ನು ಸೋಲಿಸಿದರು. ಆಗ ಸೋತ ಪಕ್ಷದ ಅಧ್ಯಕ್ಷರು ಮೊಳಕಾಲ್ಮುರಿನ ಹಳೆಯ ಶಾಸಕರು.

ಎಸ್. ನಿಜಲಿಂಗಪ್ಪನವರ ಹೆಸರು ಹೇಳಿದರೆ ದುರ್ಗದವರಿಗೆ ವಕೀಲರ ಮನೆ ನೆನಪಾಗುತ್ತದೆ, ಸೀಬಾರದ ಸಮಾಧಿ ನೆನಪಾಗುತ್ತದೆ. 1957ರಲ್ಲಿ ಅವರು ವಿಧಾನಸಭೆಗೆ ಹೋದದ್ದು ಮೊಳಕಾಲ್ಮುರಿನಿಂದ ಎಂಬುದು ಎಷ್ಟು ಜನಕ್ಕೆ ನೆನಪಿದೆ? ಏಕೀಕರಣವಾದ ನಾಡಿನ ಮೊದಲ ಮುಖ್ಯಮಂತ್ರಿ ರೇಷ್ಮೆ ಸೀರೆಯ ಈ ಊರಿನ ಶಾಸಕರಾಗಿದ್ದರು. 1958ರಲ್ಲಿ ರಾಜೀನಾಮೆ ಕೊಟ್ಟರು, ಬಿ.ಡಿ. ಜತ್ತಿಯವರು ಬಂದರು. 1962ರಲ್ಲಿ ಹೊಸದುರ್ಗದಲ್ಲಿ ಸೋತರು, ಬಾಗಲಕೋಟೆಯಿಂದ ಆರಿಸಿ ಬಂದು ಮತ್ತೆ ಮುಖ್ಯಮಂತ್ರಿಯಾದರು. 1965ರಿಂದ 1967ರವರೆಗೆ ಅವರ ಸರ್ಕಾರಕ್ಕೆ ರಾಜ್ಯಪಾಲರಾಗಿದ್ದವರು ವಿ.ವಿ. ಗಿರಿ. ಗಂಜಾಂ ಸೀಮೆಯ ಬೆರ್ಹಾಂಪುರದವರು, ರೈಲ್ವೆ ಕಾರ್ಮಿಕರ ಸಂಘಟನೆಯಲ್ಲಿ ಹೆಸರಾದವರು. ಕೋಟ್ಯಧಿಪತಿಯಲ್ಲ. ಮುಖ್ಯಮಂತ್ರಿಯ ಕಡತಕ್ಕೆ ರಾಜ್ಯಪಾಲರು ಸಹಿ ಹಾಕುತ್ತಿದ್ದರು, ರಾಜ್ಯಪಾಲರ ಭಾಷಣವನ್ನು ಮುಖ್ಯಮಂತ್ರಿಯ ಕಚೇರಿ ಬರೆದುಕೊಡುತ್ತಿತ್ತು. ಎರಡೇ ವರ್ಷದಲ್ಲಿ ಇಬ್ಬರೂ ಎದುರುಬದುರಾದರು.

1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡರು. ಉಪರಾಷ್ಟ್ರಪತಿಯಾಗಿದ್ದ ಗಿರಿ ಹಂಗಾಮಿ ರಾಷ್ಟ್ರಪತಿಯಾದರು. ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ನಿಜಲಿಂಗಪ್ಪನವರು ಜುಲೈನಲ್ಲಿ ಅಧಿವೇಶನ ಕರೆದದ್ದು ಬೆಂಗಳೂರಿನ ಲಾಲ್‌ಬಾಗ್ ಗಾಜಿನಮನೆಯಲ್ಲಿ. ಆ ಸಂದರ್ಭದಲ್ಲಿಯೇ, ಜುಲೈ 12ರಂದು, ಪಕ್ಷದ ಸಂಸದೀಯ ಮಂಡಳಿ ಕೂತು ಲೋಕಸಭೆಯ ಸ್ಪೀಕರ್ ಎನ್. ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿ ಮಾಡಿತು. ಪ್ರಧಾನಿ ಇಂದಿರಾ ಗಾಂಧಿಯವರಿಗೆ ಜಗಜೀವನ್ ರಾಮ್ ಬೇಕಾಗಿದ್ದರು. ಮಂಡಳಿಯಲ್ಲಿ ಅವರ ಮಾತು ಸೋತಿತು.

ಸಂಜೀವ ರೆಡ್ಡಿಯವರು ಅನಂತಪುರ ಜಿಲ್ಲೆಯ ಇಲ್ಲೂರಿನವರು. ಮೊಳಕಾಲ್ಮುರು ದಾಟಿ ರಾಯದುರ್ಗದ ದಾರಿ ಹಿಡಿದವರಿಗೆ ಆ ಜಿಲ್ಲೆಯ ಗಡಿ ಯಾವಾಗ ಬಂತು ಎಂದೇ ಗೊತ್ತಾಗುವುದಿಲ್ಲ. ಅದೇ ಕೆಂಪು ಮಣ್ಣು, ಅದೇ ಶೇಂಗಾ, ಅದೇ ಕಲ್ಲುಗುಡ್ಡ. ಹೀಗೆ ಅಭ್ಯರ್ಥಿಯೂ ಅವರನ್ನು ನಿಲ್ಲಿಸಿದ ಅಧ್ಯಕ್ಷರೂ ನಮ್ಮ ಈ ಮಳೆಯಿಲ್ಲದ ಸೀಮೆಯ ಆಚೆ ಈಚೆ ಬದಿಯವರು. ದೆಹಲಿಯ ಇತಿಹಾಸಕಾರರು ಇವರ ಬಣವನ್ನು ‘ಸಿಂಡಿಕೇಟ್’ ಎಂದು ಕರೆದು ಮುಂದೆ ಹೋಗುತ್ತಾರೆ. ನಮಗೆ ಹಾಗೆ ಮುಂದೆ ಹೋಗಲು ಆಗುವುದಿಲ್ಲ, ನೆರೆಮನೆಯ ವಿಷಯ.

ಮುಂದಿನದು ಬಯಲಾಟದಲ್ಲಿ ವೇಷಗಳು ಒಂದರ ಹಿಂದೊಂದು ಬಂದ ಹಾಗೆ. ಜುಲೈ 13ರಂದು ಗಿರಿಯವರು ತಾವು ಪಕ್ಷೇತರರಾಗಿ ನಿಲ್ಲುವುದಾಗಿ ಸಾರಿದರು. 16ರಂದು ಇಂದಿರಾ ಅವರು ಮೊರಾರ್ಜಿ ದೇಸಾಯಿಯವರಿಂದ ಹಣಕಾಸು ಖಾತೆ ಕಿತ್ತುಕೊಂಡರು. 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣದ ಸುಗ್ರೀವಾಜ್ಞೆಗೆ ಹಂಗಾಮಿ ರಾಷ್ಟ್ರಪತಿ ಗಿರಿ ಸಹಿ ಹಾಕಿದರು; ಮರುದಿನ ಹುದ್ದೆ ಬಿಟ್ಟು ಚುನಾವಣೆಗೆ ಇಳಿದರು. ಹಣವಂತರ ಬ್ಯಾಂಕು ಬಡವರಿಗೆ ಎಂಬ ಮಾತು ದೇಶದ ಬೀದಿಬೀದಿಯಲ್ಲಿ ಓಡಾಡುತ್ತಿದ್ದಾಗ ಆ ಕಾಗದದ ಕೆಳಗೆ ಸಹಿ ಹಾಕಿದ ಕೈ ಮತ ಕೇಳಲು ಬಂತು. ಕೋಟಿ ಸುರಿದರೂ ಸಿಗದ ಪ್ರಚಾರ ಅದು.

ನೋಡಿ, ಸಂಜೀವ ರೆಡ್ಡಿಯವರ ನಾಮಪತ್ರಕ್ಕೆ ಸಹಿ ಹಾಕಿದ್ದವರಲ್ಲಿ ಇಂದಿರಾ ಗಾಂಧಿಯವರೂ ಒಬ್ಬರು. ಆಮೇಲೆ ನಿಜಲಿಂಗಪ್ಪನವರು ಪಕ್ಷದ ಅಭ್ಯರ್ಥಿಗೇ ಮತ ಹಾಕುವಂತೆ ಕಾಂಗ್ರೆಸ್ ಸದಸ್ಯರಿಗೆ ಹೇಳಿ ಎಂದು ಕೇಳಿದಾಗ ಪ್ರಧಾನಿ ಹೇಳಲಿಲ್ಲ. ಹೊಸ ಮಾತೊಂದು ಹುಟ್ಟಿತು: ಆತ್ಮಸಾಕ್ಷಿಯ ಮತ. ಇತ್ತ ನಿಜಲಿಂಗಪ್ಪನವರು ಎರಡನೆಯ ಪ್ರಾಶಸ್ತ್ಯದ ಮತವನ್ನಾದರೂ ರೆಡ್ಡಿಯವರಿಗೆ ಕೊಡಿ ಎಂದು ಜನಸಂಘ ಮತ್ತು ಸ್ವತಂತ್ರ ಪಕ್ಷದ ಮುಖಂಡರನ್ನು ಕಂಡರು. ಆ ಪಕ್ಷಗಳ ಅಭ್ಯರ್ಥಿ ಸಿ.ಡಿ. ದೇಶಮುಖ್. ಲೆಕ್ಕದ ದೃಷ್ಟಿಯಿಂದ ಅದು ತಪ್ಪೇನಲ್ಲ, ಈ ಚುನಾವಣೆಯ ಗಣಿತವೇ ಹಾಗಿದೆ. ಆದರೆ ಕಾಂಗ್ರೆಸ್ಸಿನ ಅಧ್ಯಕ್ಷರೇ ಸಿರಿವಂತರ ಪಕ್ಷಗಳ ಬಾಗಿಲು ತಟ್ಟಿದರು ಎಂದು ಎದುರು ಬಣ ಹಿಡಿದುಕೊಂಡಿತು. ಖಾದಿ ಬಿಟ್ಟು ಬೇರೇನೂ ಉಡದ, ಕೈ ಬಿಗಿಯಾಗಿದ್ದ ವಕೀಲರಿಗೆ ಹಣವಂತರ ಪರ ಎಂಬ ಹಣೆಪಟ್ಟಿ ಅಂಟಿತು. ಇದು ನನಗೆ ಇಂದಿಗೂ ಅನ್ಯಾಯ ಅನ್ನಿಸುತ್ತದೆ. ಹಾಗೆಂದು ಅವರ ಹೆಜ್ಜೆ ಜಾಣತನದ್ದಾಗಿತ್ತು ಎಂದೂ ಹೇಳಲಾರೆ. ಎದುರಿನವರು ಬೀದಿಯಲ್ಲಿ ಆಡುತ್ತಿದ್ದ ಆಟವನ್ನು ಅವರು ಕೋಣೆಯೊಳಗೆ ಆಡಿದರು.

ಆಗಸ್ಟ್ 16ರಂದು ಮತದಾನ, 20ರಂದು ಎಣಿಕೆ. ಮೊದಲ ಪ್ರಾಶಸ್ತ್ಯದಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖ್‌ಗೆ 1,12,769. ಗೆಲ್ಲಲು 4,18,169 ಬೇಕು. ಯಾರಿಗೂ ಇಲ್ಲ. ಕೆಳಗಿನವರ ಮತಪತ್ರಗಳಲ್ಲಿದ್ದ ಎರಡನೆಯ ಪ್ರಾಶಸ್ತ್ಯ ಎಣಿಸುತ್ತ ಹೋದಾಗ ಗಿರಿ 4,20,077, ರೆಡ್ಡಿ 4,05,427. ಅಂತರ ಹದಿನೈದು ಸಾವಿರದೊಳಗೆ. ದೇಶದ ಇತಿಹಾಸದಲ್ಲಿ ಪಕ್ಷೇತರರಾಗಿ ನಿಂತು ರಾಷ್ಟ್ರಪತಿಯಾದದ್ದು ಅದೊಂದೇ ಸಲ. ಪತ್ರಿಕೆಗಳು ಹಾಗೆ ಬರೆದವು, ಪಠ್ಯದಲ್ಲೂ ಹಾಗೇ ಇದೆ, ನಾನೂ ಹಾಗೇ ಪಾಠ ಹೇಳಿದೆ.

ಎಪಿಎಂಸಿಯ ಹಿರಿಯರ ಪ್ರಶ್ನೆ ಕೇಳಿದ ಮೇಲೆ ನನ್ನ ಪಾಠದ ಮೇಲೆ ನನಗೇ ಅನುಮಾನ. ಆ ಪಕ್ಷೇತರರ ಹಿಂದೆ ಪ್ರಧಾನಿ ಇದ್ದರು, ಕಾಂಗ್ರೆಸ್ಸಿನ ಒಂದು ದೊಡ್ಡ ಪಾಲಿತ್ತು, ಕಮ್ಯುನಿಸ್ಟರಿದ್ದರು, ಡಿಎಂಕೆ ಇತ್ತು, ಅಕಾಲಿಗಳಿದ್ದರು. ಇಷ್ಟೊಂದು ಪಕ್ಷಗಳಿರುವ ಪಕ್ಷೇತರರನ್ನು ಎಲ್ಲಾದರೂ ಕಂಡಿದ್ದೀರಾ? ನವೆಂಬರ್ 12ರಂದು ನಿಜಲಿಂಗಪ್ಪನವರ ಪಕ್ಷ ಇಂದಿರಾ ಗಾಂಧಿಯವರನ್ನು ಉಚ್ಚಾಟಿಸಿತು, ಕಾಂಗ್ರೆಸ್ ಎರಡಾಯಿತು. 1971ರ ಲೋಕಸಭಾ ಚುನಾವಣೆಯಲ್ಲಿ ಮೈಸೂರು ರಾಜ್ಯದ 27 ಸ್ಥಾನಗಳೂ ಇಂದಿರಾ ಪಾಲಾದವು. ಗಿರಿಯವರ ಆಯ್ಕೆಯ ವಿರುದ್ಧ ಸುಪ್ರೀಂ ಕೋರ್ಟಿನಲ್ಲಿ ತಕರಾರು ಬಿತ್ತು. ರೆಡ್ಡಿಯವರ ಮಾನ ಕಳೆಯುವ ಕರಪತ್ರ ಹಂಚಿದರು ಎಂಬುದು ದೂರುಗಳಲ್ಲಿ ಒಂದು. ಹುದ್ದೆಯಲ್ಲಿದ್ದ ರಾಷ್ಟ್ರಪತಿಯೇ ಕೋರ್ಟಿಗೆ ಬಂದು ಸಾಕ್ಷಿ ನುಡಿದರು. 1970ರಲ್ಲಿ ಅರ್ಜಿ ವಜಾ ಆಯಿತು.

ಈಗ ದುಡ್ಡಿನ ಮಾತಿಗೆ ಬರೋಣ. ರಾಷ್ಟ್ರಪತಿ ಚುನಾವಣೆಗೆ ಇಷ್ಟೇ ಖರ್ಚು ಮಾಡಬೇಕೆಂಬ ಮಿತಿ ಇಲ್ಲ. ವಿಧಾನಸಭೆಗೆ ನಿಂತವನು ಊಟದೆಲೆ, ಕುರ್ಚಿ ಬಾಡಿಗೆಯ ಲೆಕ್ಕವನ್ನೂ ಬರೆದು ಕೊಡಬೇಕು; ಇಲ್ಲಿ ಅದಿಲ್ಲ. ಗುಪ್ತ ಮತದಾನ, ಪಕ್ಷಗಳು ವಿಪ್ ಕೊಡುವಂತಿಲ್ಲ. ಹಣವಂತನಿಗೆ ಇದಕ್ಕಿಂತ ಹೆಬ್ಬಾಗಿಲು ಬೇಕೆ ಅನ್ನಿಸಬಹುದು. ಬಾಗಿಲೇನೋ ತೆಗೆದಿದೆ, ಹೊಸ್ತಿಲಲ್ಲಿ ನೂರು ಮಂದಿ ಕೂತಿದ್ದಾರೆ. 1967ರಲ್ಲಿ 17 ಮಂದಿ ಕಣದಲ್ಲಿದ್ದು ಒಂಬತ್ತು ಮಂದಿಗೆ ಒಂದು ಮತವೂ ಬೀಳಲಿಲ್ಲ. ಇಂಥ ಶೋಕಿಯ ಅಭ್ಯರ್ಥಿಗಳನ್ನು ತಡೆಯಲು 1974ರಲ್ಲಿ ಹತ್ತು ಸೂಚಕರು, ಹತ್ತು ಅನುಮೋದಕರು, 2,500 ರೂಪಾಯಿ ಠೇವಣಿ ಎಂದಾಯಿತು. 1997ರಲ್ಲಿ ಅದು 50 ಸೂಚಕರು, 50 ಅನುಮೋದಕರು, 15,000 ರೂಪಾಯಿಗೆ ಏರಿತು. ಠೇವಣಿ ಯಾವ ಲೆಕ್ಕ, ಒಂದು ಒಳ್ಳೆ ಮೊಳಕಾಲ್ಮುರು ಸೀರೆಯ ಬೆಲೆ. ಆ ನೂರು ಸಹಿಗಳನ್ನು ಹಾಕಬೇಕಾದವರು ಮಾತ್ರ ಸಂಸದರು ಅಥವಾ ಶಾಸಕರು, ಹೆಚ್ಚುಕಡಿಮೆ ಎಲ್ಲರೂ ಯಾವುದೋ ಪಕ್ಷದ ಚಿಹ್ನೆಯ ಕೆಳಗೆ ಗೆದ್ದುಬಂದವರು. ಗುಟ್ಟಾಗಿ ಮತ ಹಾಕುವುದು ಸುಲಭ, ಹೆಸರು ಬರೆದು ಸಹಿ ಹಾಕುವುದು ಕಷ್ಟ. ಮುಖ್ಯ ಚುನಾವಣಾ ಆಯುಕ್ತರಾಗಿ ದೇಶವನ್ನೇ ನಡುಗಿಸಿದ ಟಿ.ಎನ್. ಶೇಷನ್ 1997ರಲ್ಲಿ ಕೆ.ಆರ್. ನಾರಾಯಣನ್ ಎದುರು ನಿಂತು ಆ ನೂರನ್ನು ಹೊಂದಿಸಿಕೊಂಡರೂ ಠೇವಣಿ ಉಳಿಸಿಕೊಳ್ಳಲಿಲ್ಲ.

ಮತದ ತೂಕವನ್ನೂ ನೋಡಿ. ಕರ್ನಾಟಕದ ಒಬ್ಬ ಶಾಸಕರ ಮತದ ಮೌಲ್ಯ 131. 1971ರ ಜನಗಣತಿಯ ಸುಮಾರು 2 ಕೋಟಿ 93 ಲಕ್ಷವನ್ನು 224ರಿಂದ ಭಾಗಿಸಿ, ಮತ್ತೆ ಸಾವಿರದಿಂದ ಭಾಗಿಸಿದರೆ ಬರುವ ಅಂಕಿ. ಚಳ್ಳಕೆರೆಯದು 131, ಮೊಳಕಾಲ್ಮುರಿನದು 131. ಉತ್ತರ ಪ್ರದೇಶದ ಶಾಸಕರದು 208, ಸಿಕ್ಕಿಂನವರದು 7. ನಮ್ಮ 224 ಶಾಸಕರನ್ನೂ ಒಬ್ಬನೇ ಹಣವಂತ ಹೇಗೋ ಒಲಿಸಿಕೊಂಡ ಅಂತಲೇ ಇಟ್ಟುಕೊಳ್ಳಿ, ಸಿಗುವುದು 29,344. 2022ರಲ್ಲಿ ಒಟ್ಟು ಮೌಲ್ಯ ಹತ್ತೂ ಮುಕ್ಕಾಲು ಲಕ್ಷ ದಾಟಿತ್ತು. ಸಮುದ್ರಕ್ಕೆ ವೇದಾವತಿಯ ನೀರು ತಂಬಿಗೆಯಲ್ಲಿ ಹೊತ್ತು ಹಾಕಿದ ಹಾಗೆ.

ಹಾಗಾಗಿ ನಮ್ಮ ಹಣವಂತ ಪಕ್ಷೇತರರು ದೆಹಲಿಗೆ ಹೋಗಲು ಹಿಡಿದ ದಾರಿ ರಾಷ್ಟ್ರಪತಿ ಭವನದ್ದಲ್ಲ, ರಾಜ್ಯಸಭೆಯದು. ಅಲ್ಲಿಗೆ ನಾಲ್ಕು ಸ್ಥಾನಗಳ ಚುನಾವಣೆ ನಡೆದರೆ 45 ಶಾಸಕರು ಸಾಕು. ವಿಜಯ್ ಮಲ್ಯ 2002ರಲ್ಲೂ 2010ರಲ್ಲೂ ಕರ್ನಾಟಕದಿಂದ ಪಕ್ಷೇತರರಾಗಿಯೇ ಹೋದರು. ನಡುವೆ ಜನತಾ ಪಕ್ಷ ಹಿಡಿದು 2004ರಲ್ಲಿ ಜನರ ಮುಂದೆ ಅಭ್ಯರ್ಥಿಗಳನ್ನು ನಿಲ್ಲಿಸಿಯೂ ನೋಡಿದರು, ಜನ ಕೈ ಹಿಡಿಯಲಿಲ್ಲ. ರಾಜೀವ್ ಚಂದ್ರಶೇಖರ್ 2006ರಲ್ಲೂ 2012ರಲ್ಲೂ ಪಕ್ಷೇತರರಾಗಿ ಹೋದರು. ಇವರಿಗೆ ಮತ ಕೊಟ್ಟವರಲ್ಲಿ ಹೆಚ್ಚಿನವರು ಪಕ್ಷದವರೇ. 2016ರಲ್ಲಿ ಹರಿಯಾಣದಲ್ಲಿ ಇನ್ನೊಂದು ತಮಾಷೆ ನಡೆಯಿತು: ಮಾಧ್ಯಮ ಉದ್ಯಮಿ ಸುಭಾಷ್ ಚಂದ್ರ ಪಕ್ಷೇತರರಾಗಿ ನಿಂತಿದ್ದರು, ಎದುರಾಳಿಗೆ ಬಿದ್ದ ಹತ್ತಕ್ಕೂ ಹೆಚ್ಚು ಮತಗಳು ಬೇರೆ ಪೆನ್ನಿನ ಶಾಯಿಯಲ್ಲಿದ್ದವು ಎಂದು ತಿರಸ್ಕೃತವಾದವು, ಪಕ್ಷೇತರರು ಗೆದ್ದರು. ಮರುವರ್ಷದ ರಾಷ್ಟ್ರಪತಿ ಚುನಾವಣೆಯಲ್ಲಿ ಆಯೋಗವೇ ನೇರಳೆ ಶಾಯಿಯ ಪೆನ್ನು ಕೊಟ್ಟಿತು. ಸ್ವಂತ ಪೆನ್ನು ಹೊರಗಿಟ್ಟು ಬರಬೇಕು.

ಊರಿಗೆ ವಾಪಸ್ ಬರುತ್ತೇನೆ. ನಮ್ಮ ಕಡೆ ಪಕ್ಷೇತರ ಎಂಬ ಪದ ಯಾರೂ ಆಡುವುದಿಲ್ಲ, ‘ಬಂಡಾಯ’ ಅನ್ನುತ್ತಾರೆ. ಪಕ್ಷ ಬಾಗಿಲು ಹಾಕಿದಾಗ ಹಿತ್ತಿಲಿನಿಂದ ಬರುವವನು. 2011ರಲ್ಲಿ ಬಿ. ಶ್ರೀರಾಮುಲು ಬಿಜೆಪಿಯ ಶಾಸಕ ಸ್ಥಾನ ಬಿಟ್ಟು ಬಳ್ಳಾರಿ ಗ್ರಾಮಾಂತರದ ಉಪಚುನಾವಣೆಯಲ್ಲಿ ಪಕ್ಷೇತರರಾಗಿ ನಿಂತು ಭಾರಿ ಅಂತರದಲ್ಲಿ ಗೆದ್ದರು. ಆಗ ಗಣಿಯ ಧೂಳು ಇನ್ನೂ ಕೂತಿರಲಿಲ್ಲ. ಗೆಲುವಿಗೆ ದುಡ್ಡೇ ಕಾರಣ ಎಂದು ಬೆಂಗಳೂರಿನವರು ಬರೆದರು. ದುಡ್ಡೊಂದೇ ಸಾಕಾಗಿದ್ದರೆ ಮಲ್ಯ ಅವರ ಅಭ್ಯರ್ಥಿಗಳೂ ಗೆಲ್ಲಬೇಕಿತ್ತಲ್ಲ? ಇಲ್ಲಿ ನಾಯಕ ಸಮುದಾಯದ ಅಭಿಮಾನ ಇತ್ತು, ಮನೆಬಾಗಿಲಿಗೆ ಬರುತ್ತಾನೆ ಎಂಬ ನಂಬಿಕೆ ಇತ್ತು. ಗೆದ್ದ ಪಕ್ಷೇತರರು ಪಕ್ಷೇತರರಾಗಿ ಉಳಿದರೆ? ಬಡವರ, ಶ್ರಮಿಕರ, ರೈತರ ಕಾಂಗ್ರೆಸ್ ಎಂದು ಪಕ್ಷ ಕಟ್ಟಿದರು. ಮೂರು ಪದಗಳ ಮೊದಲಕ್ಷರ ಇಂಗ್ಲಿಷಿನಲ್ಲಿ ಕೂಡಿಸಿದರೆ ಅವರ ಹೆಸರಿನ ಅಕ್ಷರಗಳೇ ಬರುತ್ತಿದ್ದವು. 2013ರಲ್ಲಿ ಆ ಪಕ್ಷ ರಾಜ್ಯದಲ್ಲಿ ಗೆದ್ದದ್ದು ನಾಲ್ಕು ಕಡೆ. ಅದರಲ್ಲಿ ಒಂದು ಮೊಳಕಾಲ್ಮುರು, ಶಾಸಕರು ಎಸ್. ತಿಪ್ಪೇಸ್ವಾಮಿ. ಮರುವರ್ಷ ಶ್ರೀರಾಮುಲು ಬಿಜೆಪಿಗೆ ಮರಳಿ ಬಳ್ಳಾರಿಯ ಸಂಸದರಾದರು. 2018ರಲ್ಲಿ ಮೊಳಕಾಲ್ಮುರಿನ ಬಿಜೆಪಿ ಟಿಕೆಟ್ ಅವರಿಗೇ ಸಿಕ್ಕಿತು, ತಿಪ್ಪೇಸ್ವಾಮಿಯವರಿಗೆ ತಪ್ಪಿತು. ನಾಯಕನಹಟ್ಟಿಯಲ್ಲಿ ಪ್ರತಿಭಟನೆಯ ಕೂಗು ಎದ್ದಿತು. ಬಂಡಾಯದಿಂದ ಬೆಳೆದವರ ಎದುರೇ ಬಂಡಾಯ. ಆ ಸಲ ಬಾದಾಮಿಯಲ್ಲಿ 1,696 ಮತಗಳಿಂದ ಸೋತ ಶ್ರೀರಾಮುಲು ಮೊಳಕಾಲ್ಮುರಿನಲ್ಲಿ ಸಲೀಸಾಗಿ ಗೆದ್ದರು. 2023ರಲ್ಲಿ ಟಿಕೆಟ್ ಮತ್ತೆ ತಿಪ್ಪೇಸ್ವಾಮಿಯವರಿಗೆ, ಗೆಲುವು ಮಾತ್ರ ಕಾಂಗ್ರೆಸ್ಸಿನ ಎನ್.ವೈ. ಗೋಪಾಲಕೃಷ್ಣರಿಗೆ. ನಮ್ಮ ಜನ ಯಾರನ್ನೂ ಬಹಳ ದಿನ ತಲೆಯ ಮೇಲೆ ಹೊತ್ತಿಲ್ಲ.

2008ರಿಂದ ಚಳ್ಳಕೆರೆ, ಮೊಳಕಾಲ್ಮುರು ಎರಡೂ ಕ್ಷೇತ್ರಗಳು ಪರಿಶಿಷ್ಟ ಪಂಗಡಕ್ಕೆ ಮೀಸಲು. ಎಣ್ಣೆ ಮಿಲ್ಲು, ಮಂಡಿ, ಲಾರಿ ಇಟ್ಟುಕೊಂಡ ಬೇರೆ ಜಾತಿಯ ಹಣವಂತರು ಇಲ್ಲಿ ತಾವೇ ನಿಲ್ಲುವಂತಿಲ್ಲ. ಆದ್ದರಿಂದ ನಿಂತವರ ಹಿಂದೆ ನಿಲ್ಲುತ್ತಾರೆ. ಯಾರ ಹಿಂದೆ ಯಾರು ಎಂಬುದು ಮತಪತ್ರದಲ್ಲಿ ಇರುವುದಿಲ್ಲ, ಟೀ ಅಂಗಡಿಯಲ್ಲಿ ಇರುತ್ತದೆ.

ನಾಯಕನಹಟ್ಟಿಯ ತೇರು ನೋಡಿದವರಿಗೆ ಮುಕ್ತಿ ಬಾವುಟದ ಹರಾಜು ಗೊತ್ತು. ತೇರು ಎಳೆಯುವ ಮುಂಚೆ ಮೈಕಿನಲ್ಲಿ ಕೂಗುತ್ತಾರೆ, ರಾಜಕಾರಣಿಗಳೂ ಸವಾಲು ಹಾಕುತ್ತಾರೆ, ಲಕ್ಷಗಳ ಮೇಲೆ ಲಕ್ಷ ಏರುತ್ತದೆ. ಎಷ್ಟಕ್ಕೆ, ಯಾರಿಗೆ ಎಂಬುದು ಅಲ್ಲಿದ್ದ ಇಡೀ ಜನಕ್ಕೆ ಕೇಳಿಸುತ್ತದೆ. ಬಾವುಟ ಕೊಂಡವರು ಬಾವುಟ ಹಿಡಿದುಕೊಳ್ಳುತ್ತಾರೆ; ತೇರಿನ ಮಿಣಿ ಹಿಡಿಯುವವರು ಬೇರೆ. ನನಗೆ ಈ ಹರಾಜಿನ ಬಗ್ಗೆ ಮುಜುಗರ ಇಲ್ಲ, ಅದರಲ್ಲಿ ಮುಚ್ಚುಮರೆ ಇಲ್ಲವಲ್ಲ. ಮುಜುಗರ ಇರುವುದು ಇನ್ನೊಂದರ ಬಗ್ಗೆ. ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ. ಕಾನೂನಿನ ಪ್ರಕಾರ ನಮ್ಮ ಪಂಚಾಯಿತಿಯ ಪ್ರತಿ ಸದಸ್ಯನೂ ಪಕ್ಷೇತರ, ಪ್ರತಿ ಅಧ್ಯಕ್ಷನೂ ಪಕ್ಷೇತರ. ಅಧ್ಯಕ್ಷರ ಆಯ್ಕೆಗೆ ವಾರ ಇರುವಾಗ ಸದಸ್ಯರನ್ನು ವ್ಯಾನು ಹತ್ತಿಸಿ ‘ಟೂರು’ ಕರೆದೊಯ್ಯುವುದು ನಿಮಗೇನು ಹೊಸದಲ್ಲ. 2020ರ ಚುನಾವಣೆಯಲ್ಲಿ ರಾಜ್ಯದ ಕೆಲವು ಹಳ್ಳಿಗಳಲ್ಲಿ ಸದಸ್ಯ ಸ್ಥಾನಗಳನ್ನೇ ದೇವಸ್ಥಾನದ ಹೆಸರಿನಲ್ಲಿ ಹರಾಜು ಹಾಕಿದರು. ಹಣವಂತ ಪಕ್ಷೇತರ ಅಧ್ಯಕ್ಷ ಎಂಬ ಪ್ರಾಣಿಯನ್ನು ನೋಡಲು ನ್ಯೂಯಾರ್ಕಿಗೆ ಹೋಗಬೇಕಿಲ್ಲ.

ಇಲ್ಲಿ ಕೂತಿರುವ ಒಬ್ಬ ವಿದ್ಯಾರ್ಥಿನಿ ಬೆಳಿಗ್ಗೆ ಕೇಳಿದಳು, ಹಾಗಾದರೆ ದುಡ್ಡಿದ್ದವರು ನಿಲ್ಲಲೇಬಾರದೆ ಸಾರ್ ಎಂದು. ನಿಲ್ಲಲಿ ತಾಯಿ. ಆದರೆ ನನಗೆ ಪಕ್ಷ ಇಲ್ಲ, ಆದ್ದರಿಂದ ನಾನು ಯಾರ ಋಣದಲ್ಲೂ ಇಲ್ಲ ಎಂದು ಹೇಳಿದಾಗ, ನಾಮಪತ್ರ ತರಿಸಿ ಸೂಚಕರ ಸಹಿ ಯಾರದ್ದು ಎಂದು ನೋಡು. ಪಕ್ಷದ ಋಣ ಊರಿಗೆಲ್ಲ ಗೊತ್ತಿರುತ್ತದೆ. ಪ್ರಣಾಳಿಕೆ ಅಚ್ಚಾಗಿರುತ್ತದೆ, ಕೆಲಸ ಆಗದಿದ್ದರೆ ಹೋಗಿ ಜಗಳ ಆಡಲು ಕಚೇರಿ ಇರುತ್ತದೆ. ಪಕ್ಷೇತರನ ಋಣದ ಪತ್ರ ಯಾರ ಪೆಟ್ಟಿಗೆಯಲ್ಲಿದೆ ಎಂದು ಹುಡುಕಬೇಕು.

ಆ ಹಿರಿಯರಿಗೆ ಮೊನ್ನೆ ಮತ್ತೆ ಸಿಕ್ಕು ಗಿರಿಯವರ ಕಥೆಯನ್ನು ಪೂರ್ತಿ ಹೇಳಿದೆ. ನಿಜಲಿಂಗಪ್ಪನವರ ಹೆಸರು ಬಂದಾಗ ಟೀ ಲೋಟ ಕೆಳಗಿಟ್ಟರು. ಎಲ್ಲ ಕೇಳಿ ಕೊನೆಗೆ, “ಅನಂತಪುರದ ರೆಡ್ಡೇರು ಏನಾದ್ರು ಆಮ್ಯಾಲೆ?” ಅಂದರು. ಎಂಟು ವರ್ಷ ಕಾದರು ಅಂದೆ. 1977ರಲ್ಲಿ ಮತ್ತೆ ಚುನಾವಣೆ ಬಂತು, ಹಂಗಾಮಿ ರಾಷ್ಟ್ರಪತಿಯಾಗಿ ಕೂತಿದ್ದವರು ನಿಜಲಿಂಗಪ್ಪನವರ ನಂತರ ಮುಖ್ಯಮಂತ್ರಿಯಾಗಿದ್ದ ಅದೇ ಜತ್ತಿಯವರು. ನಾಮಪತ್ರ ಹಾಕಿದವರು 37 ಮಂದಿ, ತಿರಸ್ಕೃತವಾದವು 36. ಉಳಿದವರು ಸಂಜೀವ ರೆಡ್ಡಿ ಒಬ್ಬರೇ, ಅವಿರೋಧ ಆಯ್ಕೆ. ಇವತ್ತಿನವರೆಗೆ ಹಾಗೆ ಆದವರು ಇನ್ನೊಬ್ಬರಿಲ್ಲ.

“ಅವಾಗ ಯಾರ ಕಡೆಯೋರಾಗಿದ್ರು?”

“ಎಲ್ಲಾರ ಕಡೆಯೋರೂ.”

ಅವರು ನಕ್ಕರು. ಅಷ್ಟರಲ್ಲಿ ಅವರ ಲಾಟಿನ ನಂಬರು ಕೂಗಿದರು, ಟವೆಲ್ ಕೊಡವಿ ಹೆಗಲ ಮೇಲೆ ಹಾಕಿಕೊಂಡು ಮಂಡಿಯ ಕಡೆ ಹೊರಟರು.